ಸಕುರಾನಾ, ಸೇಲರ್ ಮೂನಾ? ಮಾಯಾ ಹುಡುಗಿಯರ ಕಾಮಿಕ್ಸ್ ಕೊಳ್ಳುವ ಮುಂಚೆ

"ಅಕ್ಕಾ, ಇವಳಿಗೆ ಆ ಮಂತ್ರದ ಹುಡುಗಿಯರ ಬುಕ್ಕೇ ಬೇಕಂತೆ. ಯಾವುದು ತಗೊಳ್ಳಲಿ?"

ಬೇಸಿಗೆ ರಜ ಹತ್ತಿರ ಬಂತೆಂದರೆ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ನಮ್ಮ ಮನೆ ತುಮಕೂರಿನ ಎಸ್‌ಎಸ್ ಪುರಂನ ಒಂದು ಅಡ್ಡರಸ್ತೆಯಲ್ಲಿದೆ. ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವವಳು. ಸಂಬಳ ಬಂದ ವಾರ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಿಗೆ ನುಗ್ಗಿ ಒಂದೆರಡು ಕಾಮಿಕ್ಸ್ ಹೊತ್ತು ತರುತ್ತೇನೆ. ಅವೆಲ್ಲ ನಮ್ಮ ಹಾಲ್‌ನ ಕಬ್ಬಿಣದ ರ‍್ಯಾಕಿನಲ್ಲಿವೆ. ಬೀದಿಯ ಮಕ್ಕಳು ಒಯ್ಯುತ್ತಾರೆ, ಓದುತ್ತಾರೆ. ಕೆಲವರು ತಟ್ಟೆ ಇಡ್ಲಿಯ ಚಟ್ನಿ ಸಮೇತ ವಾಪಸ್ ಕೊಡುತ್ತಾರೆ. ಹೀಗಾಗಿ ಯಾವ ಮಗು ಯಾವ ಪುಸ್ತಕವನ್ನು ಎಷ್ಟನೇ ಪುಟದಲ್ಲಿ ಬಿಟ್ಟಿತು ಅನ್ನೋ ಲೆಕ್ಕ ನನ್ನ ಹತ್ತಿರ ಚೆನ್ನಾಗಿದೆ. ಇಲ್ಲಿ ಬರೆದಿರುವುದು ಆ ಲೆಕ್ಕವೇ.

ಮೊದಲು ಇದು ಎಂಥ ಕಥೆ ಅಂತ ಹೇಳಿಬಿಡುತ್ತೇನೆ. ಒಬ್ಬಳು ಸಾಧಾರಣ ಹುಡುಗಿ. ಸ್ಕೂಲು, ಹೋಂವರ್ಕು, ಅಮ್ಮನ ಬೈಗುಳ ಎಲ್ಲ ಇರುತ್ತೆ. ಒಂದು ದಿನ ಅವಳಿಗೆ ಒಂದು ಕೋಲೋ ಲಾಕೆಟ್ಟೋ ಕಲ್ಲೋ ಸಿಗುತ್ತದೆ, ಜೊತೆಗೆ ಶಕ್ತಿ ಬರುತ್ತದೆ. ಸಾಮಾನ್ಯವಾಗಿ ಮಾತಾಡುವ ಪ್ರಾಣಿಯೊಂದು ಜೊತೆಗಿರುತ್ತದೆ. ಮನೆಯವರಿಗೆ ಗೊತ್ತಾಗಬಾರದು. ಜಪಾನಿನಲ್ಲಿ ಇದಕ್ಕೆ ಮಹೋ ಶೋಜೊ ಎನ್ನುತ್ತಾರೆ. 1966ರಲ್ಲಿ ಅಲ್ಲಿನ ಟಿವಿಯಲ್ಲಿ ಬಂದ ಸ್ಯಾಲಿ ಎಂಬ ಪುಟ್ಟ ಮಾಟಗಾತಿಯ ಕಾರ್ಟೂನಿನಿಂದ ಈ ದಾರಿ ದೊಡ್ಡದಾಯಿತು. ಬಾಲಮಂಗಳದ ಡಿಂಗನನ್ನು ಓದಿ ಬೆಳೆದ ನಮ್ಮಂಥವರಿಗೆ ಇದೇನೂ ತೀರಾ ಹೊಸದಲ್ಲ. ಶಕ್ತಿ ಹುಡುಗಿಯ ಕೈಗೆ ಬಂದಿದೆ, ಅಷ್ಟೇ.

ಇಂಗ್ಲಿಷ್ ಪ್ರಕಾಶಕರು ‘ಮಿಡಲ್ ಗ್ರೇಡ್’ ಅನ್ನುವುದು ಎಂಟರಿಂದ ಹನ್ನೆರಡು ವಯಸ್ಸಿನ ಓದುಗರಿಗೆ. ನಮ್ಮ ಲೆಕ್ಕದಲ್ಲಿ ಮೂರನೇ ಕ್ಲಾಸಿನಿಂದ ಏಳನೇ ಕ್ಲಾಸು. ಇಷ್ಟು ಅಗಲದ ವಯಸ್ಸಿಗೆ ಒಂದೇ ಪುಸ್ತಕ ಹೊಂದುವುದಿಲ್ಲ. ಹಾಗಾಗಿ ಹೆಸರುಗಳಿಗೆ ಹೋಗುವ ಮುಂಚೆ ನಾನು ನೋಡುವ ನಾಲ್ಕು ವಿಷಯ ಹೇಳುತ್ತೇನೆ.

ಮೊದಲನೆಯದು, ಕೊನೆಯ ಸಂಪುಟ. ಎಲ್ಲರೂ ಮೊದಲ ಸಂಪುಟ ತಿರುವಿ ಹಾಕಿ ಕೊಳ್ಳುತ್ತಾರೆ. ಮೊದಲನೆಯದರಲ್ಲಿ ಬೆಕ್ಕು, ಕೇಕು, ನಗು ಇರುತ್ತದೆ. ಸರಣಿ ಮುಂದೆ ಹೋದಂತೆ ಕಥೆಗೂ ವಯಸ್ಸಾಗುತ್ತದೆ. ಸಾವು ಬರುತ್ತದೆ, ಪ್ರೀತಿ ಬರುತ್ತದೆ. ಮಗು ಒಂದು ತಿಂಗಳಲ್ಲಿ ಅಷ್ಟನ್ನೂ ಓದಿ ಮುಗಿಸಿರುತ್ತೆ. ಆ ಒಂದು ತಿಂಗಳಲ್ಲಿ ಅದರ ವಯಸ್ಸು ಹೆಚ್ಚಾಗಿರಲ್ಲ. ಅದಕ್ಕೇ ಅಂಗಡಿಯಲ್ಲಿ ನಾನು ಮೊದಲು ಕೈಗೆತ್ತಿಕೊಳ್ಳುವುದು ಕಡೆಯ ಸಂಪುಟವನ್ನು.

ಎರಡನೆಯದು, ಓದುವ ಸುಲಭ. ಈ ಪುಸ್ತಕಗಳನ್ನು ನಾನಂತೂ ಕನ್ನಡದಲ್ಲಿ ಕಂಡಿಲ್ಲ. ಎಲ್ಲ ಇಂಗ್ಲಿಷಿನಲ್ಲೇ ಓದಬೇಕು. ಹೆಚ್ಚಿನ ಕಾಮಿಕ್ಸ್‌ನಲ್ಲಿ ಮಾತುಗಳನ್ನು ಪೂರಾ ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ಕನ್ನಡ ಮಾಧ್ಯಮದ ಮಗುವಿಗೆ ಇದು ನಾವು ಅಂದುಕೊಂಡಷ್ಟು ಸಲೀಸಲ್ಲ. ಚಿಕ್ಕಕ್ಷರದ ಇಂಗ್ಲಿಷ್ ಪಾಠ ಗಡಗಡ ಓದುವ ಎದುರು ಮನೆ ಹುಡುಗಿ ಈ ದೊಡ್ಡಕ್ಷರದ ಗುಂಪು ಕಂಡು ಕಣ್ಣು ಕಿರಿದು ಮಾಡುತ್ತಾಳೆ. ಇನ್ನು ಜಪಾನಿನ ಮಂಗಾ ಪುಸ್ತಕಗಳಲ್ಲಿ ಬಲದಿಂದ ಎಡಕ್ಕೆ ಓದಬೇಕು. ನನ್ನ ತಂಗಿಯ ಮಗಳು ಮೊದಲ ಸಲ ನಮ್ಮ ಪುಸ್ತಕಗಳ ಹಾಗೆ ತೆರೆದಳು. ನೀನು ತಪ್ಪು ಕಡೆಯಿಂದ ಶುರು ಮಾಡಿದೀಯಾ ಅನ್ನೋ ಎಚ್ಚರಿಕೆ ಅಲ್ಲಿ ಅಚ್ಚಾಗಿತ್ತು. ಅದನ್ನು ಅವಳು ಓದಲಿಲ್ಲ. ಹತ್ತು ಪುಟ ಹಿಂದುಮುಂದಾಗಿ ಓದಿ, "ಇವಳು ಸುಮ್ನೆ ಯಾಕೆ ಅಳ್ತಿದ್ದಾಳೆ ದೊಡ್ಡಮ್ಮಾ?" ಅಂತ ಕೇಳಿದಳು. ಕ್ಲೈಮ್ಯಾಕ್ಸ್ ಮೊದಲೇ ಓದಿಬಿಟ್ಟಿದ್ದಳು. ಅವಳಿಗೆ ದಿಕ್ಕು ಹೇಳಿಕೊಟ್ಟದ್ದು ಉರ್ದು ಓದಲು ಬರುವ ಅವಳ ಗೆಳತಿ. ಅವಳಿಗೆ ಇದೆಲ್ಲ ಒಂದು ವಿಷಯವೇ ಆಗಿರಲಿಲ್ಲ.

ಮೂರನೆಯದು, ಎಷ್ಟು ಸಂಪುಟಕ್ಕೆ ಕಥೆ ಮುಗಿಯುತ್ತದೆ. ಬೆಲೆ ಅಂದರೆ ಒಂದು ಪುಸ್ತಕದ ಬೆಲೆಯಲ್ಲ, ಸರಣಿಯದ್ದು. ಹನ್ನೆರಡು ಸಂಪುಟದ ಕಥೆಯ ಒಂದನೇ ಸಂಪುಟ ಕೊಡಿಸಿದರೆ ಹನ್ನೊಂದು ಸಲ ಹಟಕ್ಕೆ ಒಪ್ಪಿಕೊಂಡ ಹಾಗೆ. ಹಾಗಾಗಿ ನಡುವೆ ಎಲ್ಲಾದರೂ ನಿಂತುಕೊಳ್ಳಲು ಜಾಗ ಇದೆಯಾ ಅಂತ ನೋಡಿ.

ನಾಲ್ಕನೆಯದು ಬಣ್ಣ. ದೊಡ್ಡವರು ಇದನ್ನು ಲೆಕ್ಕಕ್ಕೆ ಇಡುವುದಿಲ್ಲ. ಒಂಬತ್ತು ವರ್ಷದ ಮಗು ಇಡುತ್ತದೆ. ಮುಖಪುಟ ಗುಲಾಬಿ ಬಣ್ಣದಲ್ಲಿ ಹೊಳೆಯುತ್ತಿದ್ದು ಒಳಗೆಲ್ಲ ಕಪ್ಪುಬಿಳುಪು ಅಂತ ಗೊತ್ತಾದಾಗ ಮುಖ ಸಣ್ಣದಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಈಗ ಪುಸ್ತಕಗಳು.

ನಮ್ಮ ರ‍್ಯಾಕಿನಲ್ಲಿ ಜಾಸ್ತಿ ಸವೆದಿರುವುದು ‘ಕಾರ್ಡ್‌ಕ್ಯಾಪ್ಟರ್ ಸಕುರಾ’. ಕ್ಲ್ಯಾಂಪ್ ಎಂಬ ಕಲಾವಿದೆಯರ ಗುಂಪು 1996ರಿಂದ 2000ದವರೆಗೆ ಜಪಾನಿನ ನಕಾಯೋಶಿ ಪತ್ರಿಕೆಯಲ್ಲಿ ಬರೆದದ್ದು. ಸಕುರಾಗೆ ಹತ್ತು ವರ್ಷ, ನಾಲ್ಕನೇ ಕ್ಲಾಸು. ಅಪ್ಪನ ಪುಸ್ತಕಗಳ ನಡುವೆ ಒಂದು ವಿಚಿತ್ರ ಪುಸ್ತಕ ತೆರೆದು ಅದರೊಳಗಿದ್ದ ಮಂತ್ರದ ಕಾರ್ಡುಗಳು ಊರೆಲ್ಲ ಹಾರಿಹೋಗುವ ಹಾಗೆ ಮಾಡಿಬಿಡುತ್ತಾಳೆ. ಆಮೇಲೆ ಅವನ್ನು ಒಂದೊಂದಾಗಿ ಹಿಡಿದು ತರಬೇಕು. ಕೊಲ್ಲಬೇಕಾದ ದೊಡ್ಡ ರಾಕ್ಷಸ ಯಾರೂ ಇಲ್ಲ. ತಾನು ಮಾಡಿದ ಎಡವಟ್ಟನ್ನು ತಾನೇ ಸರಿ ಮಾಡುವ ಕಥೆ. ಸಕುರಾಗೆ ಅಮ್ಮ ಇಲ್ಲ. ಅಪ್ಪ, ಅಣ್ಣ, ಅವಳು ಮೂವರೂ ಪಾಳಿ ಹಾಕಿಕೊಂಡು ಮನೆಗೆಲಸ ಮಾಡುತ್ತಾರೆ. ಅಪ್ಪ ದಿನಾ ಏಪ್ರನ್ ಕಟ್ಟಿಕೊಂಡು ಅಡುಗೆ ಮಾಡುವುದನ್ನು ನಮ್ಮ ಬೀದಿಯ ಹುಡುಗಿಯರು ಮಂತ್ರಕ್ಕಿಂತ ಆಶ್ಚರ್ಯದಿಂದ ನೋಡಿದರು! ಗೆಳತಿ ತೊಮೊಯೊ ಪ್ರತಿ ಸಾಹಸಕ್ಕೂ ಒಂದೊಂದು ಹೊಸ ಡ್ರೆಸ್ ಹೊಲಿದು ಕೊಡುತ್ತಾಳೆ. ಇದನ್ನು ಓದಿದ ವಾರ ನನ್ನ ಎರಡು ದುಪಟ್ಟಾ ಕಾಣೆಯಾದವು.

ಮೂಲದಲ್ಲಿ ಹನ್ನೆರಡು ಸಂಪುಟ. ಆರನೆಯದಕ್ಕೆ ಮೊದಲ ಕಥೆ ಪೂರ್ತಿ ಮುಗಿಯುತ್ತದೆ. ಅಲ್ಲಿಗೇ ನಿಲ್ಲಿಸಿದರೂ ಏನೂ ಕಳೆದುಕೊಂಡ ಹಾಗಾಗುವುದಿಲ್ಲ. ಇದು ದೊಡ್ಡ ಅನುಕೂಲ. ಮೂರು ಸಂಪುಟ ಒಂದರಲ್ಲೇ ಸೇರಿಸಿದ ದಪ್ಪ ಪುಸ್ತಕಗಳೂ ಇವೆ, ಒಟ್ಟು ನಾಲ್ಕು. ಹಳೇ ಅಂಗಡಿಯಲ್ಲಿ ಅದರ ಮೊದಲ ಎರಡು ಸಿಕ್ಕರೆ ಯೋಚಿಸದೆ ತೆಗೆದುಕೊಳ್ಳಿ. ರಟ್ಟಿನ ಹೊದಿಕೆಯ ಒಂಬತ್ತು ಸಂಪುಟದ ಆವೃತ್ತಿ ನೋಡಲು ಚಂದ, ಆದರೆ ದುಬಾರಿ. ಅದು ಬೀದಿಯಲ್ಲಿ ಸುತ್ತಾಡಿ ಬರುವ ಪುಸ್ತಕವಲ್ಲ. ‘ಕ್ಲಿಯರ್ ಕಾರ್ಡ್’ ಎಂದು ಹೆಸರಿದ್ದರೆ ಅದು 2016ರಲ್ಲಿ ಶುರುವಾದ ಮುಂದಿನ ಭಾಗ, ಮೊದಲಿಗೆ ಅದನ್ನು ತರಬೇಡಿ.

ಒಂದು ವಿಷಯ ಮುಚ್ಚಿಡಬಾರದು. ಸಕುರಾಳ ಕ್ಲಾಸಿನ ಒಬ್ಬ ಹುಡುಗಿಗೂ ಅವರ ಮೇಷ್ಟ್ರಿಗೂ ಪ್ರೀತಿ ಇದೆಯೆಂದು ಕಥೆ ತೋರಿಸುತ್ತದೆ, ಅದನ್ನು ಮುದ್ದಾದ ವಿಷಯ ಅನ್ನುವ ಹಾಗೆ ಹೇಳುತ್ತದೆ. ನನಗೆ ಅದು ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಪುಟಗಳು ಕಡಿಮೆ. ಆದರೂ ಓದಿದ ಪ್ರತಿ ಮಗುವಿನ ಹತ್ತಿರ ನಾನು ಆ ಬಗ್ಗೆ ಮಾತಾಡಿದ್ದೇನೆ: ಯಾವ ಮೇಷ್ಟ್ರೂ ಹೀಗೆ ಮಾಡಬಾರದು, ಮಾಡಿದರೆ ಮನೆಗೆ ಬಂದು ಹೇಳಬೇಕು. ಆ ಮಾತಾಡಲು ನಿಮಗೆ ಪುರುಸೊತ್ತಿದ್ದರೆ ಒಂಬತ್ತು ದಾಟಿದ ಮಗುವಿಗೆ ಸಕುರಾ ಕೊಡಿ. ಇಲ್ಲದಿದ್ದರೆ ಸದ್ಯಕ್ಕೆ ಬೇಡ.

‘ಸೇಲರ್ ಮೂನ್’ ಹೆಸರು ಎಲ್ಲರಿಗೂ ಗೊತ್ತು. ನವೋಕೊ ತಾಕೆಯುಚಿ ಅವರದು, 1991ರ ಕೊನೆಯಲ್ಲಿ ಶುರುವಾಗಿ 1997ರವರೆಗೆ ಬಂತು. ಉಸಾಗಿಗೆ ಹದಿನಾಲ್ಕು ವರ್ಷ, ಅಳುಬುರುಕಿ, ಪರೀಕ್ಷೆಯಲ್ಲಿ ಡುಮ್ಕಿ. ಹಣೆಯ ಮೇಲೆ ಚಂದ್ರನ ಗುರುತಿರುವ ಕಪ್ಪು ಬೆಕ್ಕೊಂದು ಬಂದು ನೀನು ಲೋಕ ಕಾಪಾಡಬೇಕು ಅನ್ನುತ್ತದೆ. ಜೊತೆಗೆ ಬರುವ ಗೆಳತಿಯರು ಬುಧ, ಮಂಗಳ, ಗುರು, ಶುಕ್ರ ಗ್ರಹದವರು. ಇಲ್ಲಿ ನಮ್ಮ ಮಕ್ಕಳಿಗೊಂದು ಅನುಕೂಲ ಇದೆ. ಜಪಾನಿನ ವಾರದ ಹೆಸರುಗಳೂ ನಮ್ಮ ಹಾಗೆ ಇದೇ ಗ್ರಹಗಳ ಸಾಲಿನಲ್ಲೇ ಬರುತ್ತವೆ. ಅಲ್ಲಿ ಬುಧವಾರ ಅಂದರೆ ನೀರಿನ ವಾರ, ಅದಕ್ಕೇ ಬುಧನ ಹುಡುಗಿಗೆ ನೀರಿನ ಶಕ್ತಿ. ಮಂಗಳವಾರ ಬೆಂಕಿಯದು, ಮಂಗಳನ ಹುಡುಗಿ ಬೆಂಕಿ ಎಸೆಯುತ್ತಾಳೆ. ಇದನ್ನು ಹೇಳಿಕೊಟ್ಟ ಮೇಲೆ ಯಾರಿಗೂ ಹೆಸರು ಗೊಂದಲವಾಗಲಿಲ್ಲ. ಮುಂದೆ ಶನಿ ಗ್ರಹದ ಹುಡುಗಿ ಬರುತ್ತಾಳೆ, ಅವಳು ಎದ್ದರೆ ಲೋಕವೇ ನಾಶ. ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ನಮ್ಮತ್ತೆ ಕೇಳಿಸಿಕೊಂಡು, "ಶನಿ ಎಲ್ಲಿ ಹೋದ್ರೂ ಶನೀನೇ ಬಿಡು" ಅಂದರು. ಹಿಂದಿನ ಜನ್ಮದ ರಾಜಕುಮಾರಿ ಈ ಜನ್ಮದಲ್ಲಿ ಶಾಲಾ ಹುಡುಗಿ ಅನ್ನುವುದನ್ನೂ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಆದರೆ ಇದು ಸಕುರಾಗಿಂತ ದೊಡ್ಡವರ ಕಥೆ. ಪ್ರೀತಿ ಪ್ರೇಮ ಜಾಸ್ತಿ. ಹಿಂದಿನ ಜನ್ಮದ ಕಥೆಯಲ್ಲಿ ರಾಜಕುಮಾರಿ ಪ್ರಿಯಕರ ಸತ್ತ ದುಃಖಕ್ಕೆ ತನ್ನ ಪ್ರಾಣವನ್ನೇ ತೆಗೆದುಕೊಳ್ಳುತ್ತಾಳೆ. ಕೊನೆಯ ಭಾಗದಲ್ಲಿ ಉಸಾಗಿ ಗೆಳತಿಯರನ್ನು ಕಳೆದುಕೊಳ್ಳುತ್ತಾಳೆ. ಟಿವಿ ಕಾರ್ಟೂನ್ ನೋಡಿ ಬಂದ ಮಗುವಿಗೆ ಪುಸ್ತಕದ ವೇಗವೂ ಬೇರೆ. ಕಾರ್ಟೂನಿನ ಆಟ ತಮಾಷೆ ಇಲ್ಲಿ ಕಡಿಮೆ, ಕಥೆ ಓಡುತ್ತದೆ. ನಾನು ಹನ್ನೆರಡಕ್ಕೆ ಮುಂಚೆ ಕೊಡುವುದಿಲ್ಲ.

ಕೊಳ್ಳುವಾಗ ಇನ್ನೊಂದು ತಕರಾರಿದೆ. ಮೊದಲು ಬಂದದ್ದು ಹದಿನೆಂಟು ಸಂಪುಟ. ಆಮೇಲೆ ಅದೇ ಕಥೆ ಹನ್ನೆರಡು ಸಂಪುಟದಲ್ಲಿ, ಆಮೇಲೆ ದೊಡ್ಡ ಗಾತ್ರದ ‘ಇಟರ್ನಲ್’ ಆವೃತ್ತಿಯಲ್ಲಿ ಹತ್ತೇ ಸಂಪುಟ. ಒಂದರ ನಾಲ್ಕನೇ ಸಂಪುಟಕ್ಕೂ ಇನ್ನೊಂದರ ನಾಲ್ಕನೇ ಸಂಪುಟಕ್ಕೂ ಸಂಬಂಧವೇ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಬೇರೆ ಆವೃತ್ತಿ ಬೆರೆಸಿದರೆ ಕಥೆಯ ನಡುವೆ ಹಳ್ಳ ಬೀಳುತ್ತದೆ. ಒಂದನ್ನು ಹಿಡಿದರೆ ಅದನ್ನೇ ಹಿಡಿದುಕೊಂಡು ಹೋಗಿ. ರಸ್ತೆಬದಿಯಲ್ಲಿ ಅರ್ಧ ಬೆಲೆಗೆ ಸಿಗುವ ನಕಲಿ ಪ್ರತಿಗಳೂ ಇವೆ. ಕಪ್ಪು ಭಾಗ ಮಸಿ ಬಳಿದ ಹಾಗಿದ್ದರೆ, ಅಕ್ಷರ ಪುಟದ ಮಡಿಕೆಯೊಳಗೆ ಸೇರಿಕೊಂಡಿದ್ದರೆ ಅದು ನಕಲಿಯೇ.

ಬಲದಿಂದ ಎಡಕ್ಕೆ ಓದುವ ರಗಳೆ ಬೇಡ, ಬಣ್ಣ ಬೇಕು ಅಂದರೆ ಇಟಲಿಯ ಕಡೆ ತಿರುಗಬೇಕು. 2001ರಲ್ಲಿ ಡಿಸ್ನಿಯ ಇಟಲಿ ಶಾಖೆ ಶುರು ಮಾಡಿದ ‘ವಿಚ್’ ಅಂಥದ್ದು. ವಿಲ್, ಇರ್ಮಾ, ತಾರಾನಿ, ಕಾರ್ನೀಲಿಯಾ, ಹೇ ಲಿನ್ ಎಂಬ ಐವರ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಸೇರಿಸಿದರೆ ಆ ಹೆಸರು ಬರುತ್ತದೆ. ನೀರು, ಬೆಂಕಿ, ಮಣ್ಣು, ಗಾಳಿ ಒಬ್ಬೊಬ್ಬರಿಗೆ ಒಂದೊಂದು. ಐದನೆಯವಳಾದ ವಿಲ್ ಈ ನಾಲ್ಕನ್ನೂ ಒಟ್ಟು ಹಿಡಿದಿಡುವವಳು. ನಮ್ಮ ಪಂಚಭೂತದ ಆಕಾಶದ ಜಾಗ ಅವಳದು ಅಂತ ಮಕ್ಕಳು ತೀರ್ಮಾನ ಮಾಡಿಬಿಟ್ಟರು. ಗುಟ್ಟು ಹೇಳುವವಳು ಹೇ ಲಿನ್‌ಳ ಅಜ್ಜಿ. ಅಜ್ಜಿ ಕಥೆ ಹೇಳಿದರೆ ಯಾರು ತಾನೇ ನಂಬುವುದಿಲ್ಲ?

ಇಟಲಿಯಲ್ಲಿ ಇದರ 139 ಸಂಚಿಕೆಗಳು ಬಂದವು. ಗಾಬರಿ ಬೇಡ. ಇಂಗ್ಲಿಷಿನಲ್ಲಿ ಅದನ್ನು ಘಟ್ಟ ಘಟ್ಟವಾಗಿ ಕಟ್ಟಿದ್ದಾರೆ. ಮೊದಲ ಘಟ್ಟ ‘ಹನ್ನೆರಡು ಬಾಗಿಲು’ ಮೂರೇ ಪುಸ್ತಕ, ಅಲ್ಲಿಗೆ ಒಂದು ಕಥೆ ಮುಗಿಯಿತು. ಮೂರು ಪುಸ್ತಕಕ್ಕೆ ಇಷ್ಟು ತೃಪ್ತಿ ಕೊಡುವುದು ಬೇರೆ ಯಾವುದೂ ನನ್ನ ರ‍್ಯಾಕಿನಲ್ಲಿಲ್ಲ. ಕೊರತೆ ಏನೆಂದರೆ ಮಾತು ಜಾಸ್ತಿ, ಒಂದೊಂದು ಪುಟದಲ್ಲಿ ತುಂಬಾ ಚೌಕ. ಹುಡುಗಿಯರು ರೂಪ ಬದಲಿಸಿದ ಕೂಡಲೇ ರೆಕ್ಕೆಯ ಜೊತೆಗೆ ವಯಸ್ಸೂ ಬಂದವರ ಹಾಗೆ ಕಾಣುತ್ತಾರೆ, ಉಡುಪೂ ಹಾಗೇ. ಕೆಲವು ತಾಯಂದಿರು ಅದಕ್ಕೆ ಮೂಗು ಮುರಿದಿದ್ದಾರೆ. ಮಕ್ಕಳು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

ಕಾಜು ಕಿಬುಯಿಷಿ ಅವರ ‘ಅಮ್ಯುಲೆಟ್’ ನಿಯಮದ ಪ್ರಕಾರ ಈ ಜಾತಿಗೆ ಸೇರುವುದಿಲ್ಲ. ಮಿಂಚುವ ಉಡುಪಿಲ್ಲ, ರೂಪ ಬದಲಾವಣೆ ಇಲ್ಲ. ಎಮಿಲಿಗೆ ಒಂದು ತಾಯಿತದ ಕಲ್ಲು ಸಿಗುತ್ತದೆ, ಆ ಕಲ್ಲು ಮಾತಾಡುತ್ತದೆ, ಶಕ್ತಿ ಕೊಡುತ್ತದೆ, ನಿಧಾನವಾಗಿ ಅವಳನ್ನೇ ಆಳಲು ನೋಡುತ್ತದೆ. ಎಡದಿಂದ ಬಲಕ್ಕೆ, ಪೂರ್ತಿ ಬಣ್ಣ, ಮಾತು ಕಡಿಮೆ. ಕನ್ನಡ ಮಾಧ್ಯಮದ ಏಳನೇ ಕ್ಲಾಸಿನ ಎದುರು ಮನೆ ಹುಡುಗಿ ಮೊದಲ ಬಾರಿಗೆ ಒಂದು ಇಂಗ್ಲಿಷ್ ಪುಸ್ತಕವನ್ನು ಪೂರ್ತಿ ಓದಿದ್ದು ಇದನ್ನೇ. ಚಿತ್ರವೇ ಅರ್ಧ ಕಥೆ ಹೇಳಿಬಿಡುತ್ತದೆ. ‘ಹುಡುಗಿಯರ ಬುಕ್ಕು’ ಅಂತ ಮೂತಿ ತಿರುವುವ ಅವಳ ತಮ್ಮನೂ ಕದ್ದು ಓದಿದ. 2008ರಿಂದ 2024ರವರೆಗೆ ಒಂಬತ್ತು ಪುಸ್ತಕ, ಕಥೆ ಮುಗಿದಿದೆ. ಆದರೆ ನಡುವೆ ನಿಲ್ಲಲು ಜಾಗವಿಲ್ಲ. ಒಂದನ್ನು ಶುರು ಮಾಡಿದರೆ ಒಂಬತ್ತಕ್ಕೂ ಸಿದ್ಧರಾಗಿ. ಮೊದಲ ಪುಸ್ತಕದ ಮೊದಲ ಪುಟಗಳಲ್ಲೇ ಕಾರು ಅಪಘಾತದಲ್ಲಿ ಅಪ್ಪ ಸಾಯುತ್ತಾರೆ, ಮಗಳ ಕಣ್ಣೆದುರೇ. ಮನೆಯಲ್ಲಿ ಅಂಥ ನೋವು ಹಸಿಯಾಗಿರುವ ಮಗುವಿಗೆ ಇದನ್ನು ಕೊಡಬೇಡಿ.

ಒಂದೇ ಪುಸ್ತಕ ಸಾಕು, ಹುಟ್ಟುಹಬ್ಬಕ್ಕೆ ಅನ್ನುವವರಿಗೆ ನಿಧಿ ಚನಾನಿ ಅವರ ‘ಪಶ್ಮೀನಾ’, 2017ರದ್ದು. ಅಮೆರಿಕದಲ್ಲಿ ಬೆಳೆದ ಪ್ರಿಯಾಂಕಾಗೆ ಅಮ್ಮನ ಸೂಟ್‌ಕೇಸಿನಲ್ಲಿ ಒಂದು ಶಾಲು ಸಿಗುತ್ತದೆ. ಹೊದ್ದರೆ ಕಪ್ಪುಬಿಳುಪಿನ ಪುಟ ಬಣ್ಣಕ್ಕೆ ತಿರುಗಿ ಭಾರತಕ್ಕೆ ಬಂದಿಳಿಯುತ್ತಾಳೆ. ಅಪ್ಪ ಯಾರು, ಅಮ್ಮ ಊರು ಬಿಟ್ಟದ್ದೇಕೆ ಅನ್ನುವ ಪ್ರಶ್ನೆ ಕಥೆಯ ಒಳಗಿದೆ. ಹತ್ತು ದಾಟಿದವರಿಗೆ ಸರಿ. ಹೋರಾಟ, ಮಿಂಚು ಬಯಸಿದವಳಿಗೆ ಸಪ್ಪೆ ಅನಿಸಬಹುದು. ಎಂಟು ವರ್ಷದವರಿಗಾದರೆ ಡಾನಾ ಸಿಂಪ್ಸನ್ ಅವರ ‘ಫೀಬಿ ಆ್ಯಂಡ್ ಹರ್ ಯೂನಿಕಾರ್ನ್’ ನೋಡಿ. ಪೇಪರಿನಲ್ಲಿ ಬರುವ ಹಾಗೆ ನಾಲ್ಕೈದು ಚೌಕಕ್ಕೆ ಒಂದೊಂದು ನಗು. ಎಲ್ಲಿ ಬೇಕಾದರೂ ತೆರೆಯಬಹುದು, ಎಲ್ಲಿ ಬೇಕಾದರೂ ಮುಚ್ಚಬಹುದು.

ಚಿತ್ರ ಬರೆಯುವ ಮಗು ಮನೆಯಲ್ಲಿದ್ದರೆ ಮಾತ್ರ ನನ್ನ ಲೆಕ್ಕವೆಲ್ಲ ತಲೆಕೆಳಗು. ಆಗ ಕಾಮೊಮೆ ಶಿರಾಹಾಮಾ ಅವರ ‘ವಿಚ್ ಹ್ಯಾಟ್ ಅಟೆಲಿಯೆ’ ಕೊಡಿ. 2016ರಲ್ಲಿ ಶುರುವಾದದ್ದು, ಹತ್ತು ಸಂಪುಟ ಎಂದೋ ದಾಟಿದೆ, ಕಪ್ಪುಬಿಳುಪು, ಬಲದಿಂದ ಎಡಕ್ಕೆ, ಇಂಗ್ಲಿಷೂ ಸ್ವಲ್ಪ ಗಟ್ಟಿ. ನಾನು ಹೇಳಿದ ಎಲ್ಲ ಪರೀಕ್ಷೆಯಲ್ಲೂ ಫೇಲು. ಆದರೂ ಕೊಡಿ. ಇದರಲ್ಲಿ ಮಂತ್ರ ಹುಟ್ಟಿನಿಂದ ಬರುವುದಿಲ್ಲ, ಬರೆಯುವುದರಿಂದ ಬರುತ್ತದೆ. ಬಟ್ಟೆ ಹೊಲಿಯುವವಳ ಮಗಳು ಕೊಕೊಗೆ ಆ ಗುಟ್ಟು ಗೊತ್ತಾಗುತ್ತದೆ. ಗೊತ್ತಾದ ದಿನವೇ ಅವಳ ಕೈತಪ್ಪಿನಿಂದ ಅಮ್ಮ ಕಲ್ಲಾಗುತ್ತಾಳೆ. ಮಂತ್ರದ ವೃತ್ತ ಬರೆದು, ಅದರ ಗೆರೆ ಎರಡೂ ತುದಿ ಕೂಡಿದ ಕ್ಷಣ ಮಂತ್ರ ನಡೆಯುತ್ತದೆ. ಕೂಡುವ ತನಕ ಅದು ಬರೀ ಚಿತ್ರ. ಧನುರ್ಮಾಸದಲ್ಲಿ ನನ್ನ ತಂಗಿಯ ಮಗಳು ರಾತ್ರಿ ಬಾಗಿಲ ಮುಂದೆ ಪುಸ್ತಕ ನೋಡಿಕೊಂಡು ದೊಡ್ಡದೊಂದು ರಂಗೋಲಿ ಹಾಕಿದಳು. ಹೊರಗಿನ ಸುತ್ತಿನಲ್ಲಿ ಬೆರಳಗಲ ಜಾಗ ಖಾಲಿ ಬಿಟ್ಟಿದ್ದಳು. "ಯಾಕೇ ಮುಗಿಸಲಿಲ್ಲ?" ಅಂದರೆ, "ಬೆಳಿಗ್ಗೆ ನಾನು ಎದ್ದ ಮೇಲೆ ಮುಚ್ಚೋದು" ಅಂದಳು. ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಹಾಲಿನವನ ಸೈಕಲ್ ಅದರ ಮೇಲೆ ಹೋಗಿತ್ತು.

ಇನ್ನು ಒಂದು ಎಚ್ಚರಿಕೆ, ನನ್ನದೇ ತಪ್ಪಿನಿಂದ ಕಲಿತದ್ದು. ಪುಸ್ತಕ ಮಾರಾಟದ ಮಳಿಗೆಯೊಂದರಲ್ಲಿ ‘ಮಡೋಕಾ ಮಾಜಿಕಾ’ ಕಂಡಿತು. ಗುಲಾಬಿ ಬಣ್ಣದ ಹುಡುಗಿ, ಮುದ್ದಾದ ಬಿಳಿ ಪ್ರಾಣಿ, ಮೂರೇ ಸಂಪುಟ. ಮಾರುವವರು "ಚಿಕ್ಕ ಮಕ್ಕಳ ಬುಕ್ಕು ಮೇಡಂ" ಅಂದರು. ರೈಲಿನಲ್ಲಿ ಓದುತ್ತಾ ಬಂದೆ, ಕ್ಯಾತ್ಸಂದ್ರ ಬರುವ ಹೊತ್ತಿಗೆ ಪುಸ್ತಕವನ್ನು ಬ್ಯಾಗಿನ ತಳಕ್ಕೆ ತುರುಕಿದ್ದೆ. 2011ರ ಟಿವಿ ಸರಣಿಯಿಂದ ಬಂದ ಆ ಕಥೆ, ಮಾಯಾ ಹುಡುಗಿ ಆಗುವುದಕ್ಕೆ ತೆರಬೇಕಾದ ಬೆಲೆ ಏನು ಅನ್ನುವುದರ ಬಗ್ಗೆ. ಅಲ್ಲಿ ಹುಡುಗಿಯರು ಭೀಕರವಾಗಿ ಸಾಯುತ್ತಾರೆ. ದೊಡ್ಡವರಿಗೆ ಒಳ್ಳೆಯ ಕಥೆಯೇ. ಹತ್ತು ವರ್ಷದವರಿಗೆ ಖಂಡಿತ ಅಲ್ಲ. ಅನೇಕ ಪ್ರಕಾಶಕರು ಹಿಂಬದಿಯಲ್ಲಿ ಯಾವ ವಯಸ್ಸಿಗೆ ಅಂತ ಅಚ್ಚು ಹಾಕಿರುತ್ತಾರೆ. ಬೆಲೆ ನೋಡುವ ಮುಂಚೆ ಅದನ್ನು ನೋಡಿ.

ಹಾಗಾದರೆ ಯಾವುದು? ಇಂಗ್ಲಿಷ್ ಇನ್ನೂ ತಡವರಿಸುವ ಮಗುವಿಗೆ ಅಮ್ಯುಲೆಟ್. ನಾಲ್ಕೈದನೇ ಕ್ಲಾಸಿನವಳಿಗೆ, ನೀವು ಜೊತೆಗೆ ಕೂರುವುದಾದರೆ, ಸಕುರಾದ ಮೊದಲರ್ಧ. ಗೆಳತಿಯರ ಗುಂಪು, ಬಣ್ಣ, ಕಡಿಮೆ ಖರ್ಚು ಅಂದರೆ ವಿಚ್‌ನ ಮೂರು ಪುಸ್ತಕ. ಸೇಲರ್ ಮೂನೇ ಬೇಕು ಎಂದು ಹಟ ಹಿಡಿದವಳಿಗೆ ಹನ್ನೆರಡು ತುಂಬಲಿ. ಒಂಬತ್ತು, ಹನ್ನೆರಡು ಸಂಪುಟ ಒಬ್ಬರೇ ಕೊಳ್ಳುವುದು ಕಷ್ಟ. ನಮ್ಮ ಬೀದಿಯಲ್ಲಿ ನಾಲ್ಕು ಮನೆಯವರು ಸೇರಿ ಸರದಿ ಮೇಲೆ ತಿಂಗಳಿಗೊಂದು ಕೊಂಡೆವು. ಮೊದಲ ಪುಟದಲ್ಲಿ ಕೊಂಡವರ ಮನೆ ನಂಬರ್ ಬರೆದು, ಓದಿ ಮುಂದಿನ ಮನೆಗೆ ದಾಟಿಸುವುದು. ಸಕುರಾ ಹೀಗೇ ಆರನೇ ಸಂಪುಟದವರೆಗೆ ಬಂದಿದೆ. ಎರಡನೆಯದು ಮಾತ್ರ ಸಂಕ್ರಾಂತಿಗೆ ಯಾರದೋ ಅಜ್ಜಿ ಮನೆಗೆ, ಮಧುಗಿರಿಗೆ ಹೋಗಿದ್ದು ಇನ್ನೂ ವಾಪಸ್ ಬಂದಿಲ್ಲ.